ಕೊನೇ ಓವರಿನ ರನೌಟ್: ನಮ್ಮ ಕಡೆಯ ಟೂರ್ನಮೆಂಟಿನ ಒಂದು ಮಂಕಡ್ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿಯ ಫೈನಲ್, ಕೊನೇ ಓವರ್. 3 ಬಾಲ್ ಬಾಕಿ, ಗೆಲ್ಲೋಕೆ 6 ರನ್ ಬೇಕು. ಬೌಲ್ ಮಾಡುತ್ತಿದ್ದವನು ಪಿಯುಸಿ ಓದುವ ಹುಡುಗ. ಓಡಿ ಬಂದ, ಕ್ರೀಸಿನ ಹತ್ತಿರ ಗಕ್ಕನೆ ನಿಂತ, ಬಾಲ್ ಬಿಡದೆ ನಾನ್ ಸ್ಟ್ರೈಕರ್ (ಬೌಲರ್ ತುದಿಯಲ್ಲಿ ನಿಂತ ಬ್ಯಾಟ್ಸ್‌ಮನ್) ಕಡೆಯ ಬೇಲ್ಸ್ ಎಗರಿಸಿದ. ನಾನ್ ಸ್ಟ್ರೈಕರ್ ಅಷ್ಟೊತ್ತಿಗೆ ಎರಡು ಹೆಜ್ಜೆ ಮುಂದೆ ಹೋಗಿಯಾಗಿತ್ತು. ಹುಡುಗ ಅಪೀಲ್ ಮಾಡಿದ, ಅಂಪೈರ್ ಬೆರಳೆತ್ತಿದರು. ಬಾಲ್ ಬಿಡುವ ಮೊದಲೇ ಕ್ರೀಸಿನ ಗೆರೆ ಬಿಟ್ಟವನನ್ನು ಬೌಲರ್ ಹೀಗೆ ಔಟ್ ಮಾಡುವುದಕ್ಕೇ ಮಂಕಡ್ ಅನ್ನುವುದು. ಆಮೇಲೆ ಮುಕ್ಕಾಲು ಗಂಟೆ ಆಟವೇ ನಡೆಯಲಿಲ್ಲ.

ಅವತ್ತು ಸ್ಕೋರ್ ಬುಕ್ ನನ್ನ ಕೈಯಲ್ಲಿತ್ತು. ಹಾಗಾಗಿ ಯಾವ ಬಾಲಿಗೆ ಏನಾಯಿತು ಅನ್ನೋದು ಬರಹದಲ್ಲಿದೆ, ಉಳಿದದ್ದು ಕಣ್ಣಿಗೆ ಬಿದ್ದದ್ದು. ಯಾರ ಹೆಸರನ್ನೂ ಹಾಕುವುದಿಲ್ಲ. ಎರಡೂ ಟೀಮಿನವರು ಇವತ್ತಿಗೂ ಒಂದೇ ಸಂತೆಗೆ ಬರುವವರು, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಬಡಿಸಲು ನಿಲ್ಲುವವರು. ಸುಮ್ನೆ ಯಾಕೆ.

ಈ ಪ್ರಕರಣವನ್ನು ಬಿಡಿಸಿ ಬರೆಯಲು ಕಾರಣ ಇಷ್ಟೇ. ಅವತ್ತು ಪೆಂಡಾಲಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು "ಸಂಪ್ರದಾಯ" ಮತ್ತು "ಹೊಸ ರೂಲ್ಸು". ಹಳಬರು ಒಂದು ಕಡೆ, ಹುಡುಗರು ಒಂದು ಕಡೆ. ಆದರೆ ಆ ಮೈದಾನದಲ್ಲಿ ಸಂಪ್ರದಾಯದ ಕ್ರಿಕೆಟ್ ಎಷ್ಟು ಉಳಿದಿತ್ತು ಅಂತ ಯಾರೂ ಕೇಳಲಿಲ್ಲ.

ಮೈದಾನ ಮತ್ತು ಕರಪತ್ರ

ನಮ್ಮ ಕಡೆ ಕ್ರಿಕೆಟ್ ಶುರುವಾಗುವುದೇ ಭತ್ತದ ಕೊಯ್ಲು ಮುಗಿದ ಮೇಲೆ. ಜೂನಿನಿಂದ ಮಳೆ ಹಿಡಿದರೆ ದೀಪಾವಳಿವರೆಗೂ ಮೈದಾನದ ಮಾತೇ ಇಲ್ಲ. ಆಮೇಲೆ ಗದ್ದೆ ಕೊಯ್ದು, ಕೂಳೆ ಕೆತ್ತಿ, ಅಡ್ಡ ಬಂದ ಬದು ತೆಗೆದು, ಮಧ್ಯದಲ್ಲಿ ಕೆಮ್ಮಣ್ಣು ಹಾಕಿ ನೀರು ಹೊಡೆದು ರೋಲರ್ ಎಳೆದರೆ ಪಿಚ್ ಆಯಿತು. ಈ ಮೈದಾನಕ್ಕೆ ಒಂದು ಕಡೆ ರಸ್ತೆ, ಇನ್ನೊಂದು ಕಡೆ ಅಡಿಕೆ ತೋಟ.

ಕರಪತ್ರದಲ್ಲಿ ನಿಯಮಗಳಿದ್ದವು. ಒಂದು ಇನ್ನಿಂಗ್ಸಿಗೆ 8 ಓವರ್. ಒಬ್ಬ ಬೌಲರಿಗೆ 2 ಓವರ್. ಎಲ್‌ಬಿಡಬ್ಲ್ಯೂ (ಸ್ಟಂಪಿಗೆ ಹೋಗುವ ಬಾಲ್ ಕಾಲಿಗೆ ತಾಗಿದರೆ ಔಟ್) ಇಲ್ಲ. ಲೆಗ್ ಬೈ (ಮೈಗೆ ತಾಗಿದ ಬಾಲಿಗೆ ಓಡುವ ರನ್) ಇಲ್ಲ, ಬೈ (ಬ್ಯಾಟಿಗೂ ಮೈಗೂ ತಾಗದ ಬಾಲಿಗೆ ಓಡುವ ರನ್) ಉಂಟು. ಬಾಲ್ ತೋಟಕ್ಕೆ ಬಿದ್ದರೆ 2 ರನ್ ಡಿಕ್ಲೇರ್. ಕೊನೆಯಲ್ಲಿ ಎಲ್ಲಾ ಕರಪತ್ರಗಳಲ್ಲೂ ಇರುವ ಸಾಲು: ಅಂಪೈರ್ ತೀರ್ಮಾನವೇ ಅಂತಿಮ.

ಇದರಲ್ಲಿ ಒಂದೊಂದಕ್ಕೂ ಕಾರಣ ಇದೆ. ಎಲ್‌ಬಿ ತೆಗೆದದ್ದು ಜಗಳ ತಪ್ಪಿಸೋಕೆ. ಟೆನಿಸ್ ಬಾಲ್ ಮೊಣಕಾಲಿಗಿಂತ ಮೇಲೆ ಪುಟಿಯುತ್ತದೆ, ಸ್ಟಂಪಿಗೆ ಬೀಳುತ್ತಿತ್ತಾ ಇಲ್ಲವಾ ಅಂತ ಹೇಳುವುದು ಬಲ್ಲವರಿಗೂ ಕಷ್ಟ. ತೋಟಕ್ಕೆ 2 ಡಿಕ್ಲೇರ್ ಇಟ್ಟದ್ದು ಬಾಲ್ ಹುಡುಕುವ ಹೊತ್ತಿನಲ್ಲಿ ಬ್ಯಾಟ್ಸ್‌ಮನ್‌ಗಳು ಓಡಿ ಓಡಿ ಹತ್ತು ರನ್ ತೆಗೆಯಬಾರದು ಅಂತ. ಇದನ್ನೆಲ್ಲ ಯಾರೂ ಲಂಡನ್ನಿನಿಂದ ಕಳಿಸಿದ್ದಲ್ಲ. ಊರಿನವರೇ ಕೂತು ಮಾಡಿಕೊಂಡದ್ದು, ವರ್ಷ ವರ್ಷ ತಿದ್ದಿಕೊಂಡದ್ದು. ನಾನ್ ಸ್ಟ್ರೈಕರ್ ಗೆರೆ ಬಿಟ್ಟರೆ ಏನು ಅನ್ನುವ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ.

ಬೈ ರನ್ನಿನ ಲೆಕ್ಕ

ಟೆನಿಸ್ ಬಾಲ್ ನೋಡದವರಿಗೆ ಒಂದು ವಿಷಯ ಹೇಳಬೇಕು. ಬಾಲ್ ಎತ್ತರಕ್ಕೆ ಪುಟಿಯುವುದರಿಂದ ಫಾಸ್ಟ್ ಬೌಲರಿಗೆ ಕೀಪರ್ ತುಂಬಾ ಹಿಂದೆ ನಿಲ್ಲುತ್ತಾನೆ. ಹಾಗಾಗಿ ಕೊನೇ ಓವರುಗಳಲ್ಲಿ ಬ್ಯಾಟಿಗೆ ತಾಗದಿದ್ದರೂ ಓಡುವುದು ರೂಢಿ. "ಕೀಪರ್ ಕೈಗೆ ಹೋದ್ರೂ ಓಡು" ಅಂತ ಹೊರಗಿನಿಂದಲೇ ಕೂಗುತ್ತಾರೆ. ಕೀಪರ್ ಹಿಡಿದು, ಎಸೆದು, ಅದು ಸ್ಟಂಪಿಗೆ ತಾಗಬೇಕಲ್ಲ, ಅಷ್ಟರಲ್ಲಿ ಆ ತುದಿ ಮುಟ್ಟಿದರಾಯಿತು. ಕೀಪರ್ ಎಸೆಯುವುದು ತನ್ನ ಕಡೆಯ ಸ್ಟಂಪಿಗೇ. ಅಂದರೆ ಬೈ ರನ್ನಿನಲ್ಲಿ ಔಟಾಗುವ ಅಪಾಯ ಇರುವುದು ನಾನ್ ಸ್ಟ್ರೈಕರಿಗೆ.

ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಎರಡೂ ಕಡೆ ಸ್ಟಂಪಿನಿಂದ ಕ್ರೀಸಿಗೆ 4 ಅಡಿ ಕಳೆದರೆ ಓಡಬೇಕಾದ ದೂರ 58 ಅಡಿ, ಸುಮಾರು 17.7 ಮೀಟರ್. ಬಾಲ್ ಬೌಲರ್ ಕೈಯಲ್ಲಿರುವಾಗಲೇ ನಾನ್ ಸ್ಟ್ರೈಕರ್ 2 ಮೀಟರ್ ಮುಂದೆ ಹೋಗಿದ್ದರೆ ಓಟದ ಒಂಬತ್ತನೇ ಒಂದು ಪಾಲು ಮುಗಿದೇ ಹೋಯಿತು. ಅಷ್ಟೇ ಅಲ್ಲ, ನಿಂತಲ್ಲಿಂದ ವೇಗ ಹಿಡಿಯುವ ಕೆಲಸವೂ ತಪ್ಪಿತು. ಇಂಥ ರನೌಟುಗಳಲ್ಲಿ ಬ್ಯಾಟ್ಸ್‌ಮನ್ ಉಳಿಯುವುದೇ ಒಂದಡಿ ಎರಡಡಿ ಅಂತರದಲ್ಲಿ.

ಆ ಓವರ್ ನನ್ನ ಪುಸ್ತಕದಲ್ಲಿ ಹೀಗಿದೆ. ಮೊದಲ ಬಾಲ್, ಸೆಟ್ ಆಗಿದ್ದ ಬ್ಯಾಟ್ಸ್‌ಮನ್ ಒಂದು ರನ್ ತೆಗೆದ, ಬಾಲಂಗೋಚಿ (ಕೊನೆಯಲ್ಲಿ ಆಡಲು ಬರುವವನು) ಸ್ಟ್ರೈಕಿಗೆ ಬಂದ. ಎರಡನೇ ಬಾಲ್, ಬಾಲಂಗೋಚಿ ಬೀಸಿದ, ತಾಗಲಿಲ್ಲ, ಕೀಪರ್ ಹಿಡಿದ, ಆದರೂ ಬೈ ಓಡಿದರು, ಕೀಪರಿನ ಥ್ರೋ ಸ್ಟಂಪಿಗೆ ತಾಗಿದರೂ ಸೆಟ್ ಬ್ಯಾಟ್ಸ್‌ಮನ್ ಕೂದಲೆಳೆಯಲ್ಲಿ ಉಳಿದ. ಮೂರನೇ ಬಾಲ್, ಅವನು ಹೊಡೆದದ್ದು ನೇರ ಫೀಲ್ಡರಿಗೆ ಹೋಗಿ ಒಂದೇ ರನ್. ಮತ್ತೆ ಬಾಲಂಗೋಚಿ ಸ್ಟ್ರೈಕಿಗೆ. ಇನ್ನೊಂದು ಬೈ ಕದ್ದರೆ ಸೆಟ್ ಆದವನಿಗೆ 2 ಬಾಲಿನಲ್ಲಿ 5 ರನ್, ಅವನ ಕೈಯಲ್ಲಿ ಆಗದ ಕೆಲಸ ಏನಲ್ಲ.

ಎರಡನೇ ಬಾಲಿನಲ್ಲಿ ನಡೆದದ್ದನ್ನು ಕೀಪರ್ ನೋಡಿದ್ದ. ಮೂರನೇ ಬಾಲ್ ಆದ ಮೇಲೆ ಅವನು ಓಡಿ ಬಂದು ಬೌಲರ್ ಕಿವಿಯಲ್ಲಿ ಏನೋ ಹೇಳಿದ. ಏನು ಅಂತ ಕೇಳಬೇಕಾಗಿಲ್ಲ. ನಾಲ್ಕನೆಯದಕ್ಕೆ ಹುಡುಗ ಬಾಲ್ ಹಾಕಲೇ ಇಲ್ಲ.

ಅಂಪೈರ್ ಮಾಡಿದ್ದು

ಅಂಪೈರ್ ಆಗಿದ್ದವರು ಪಕ್ಕದ ಹೋಬಳಿಯ ಪಿಇ ಮೇಷ್ಟ್ರು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತಿ ಚೆನ್ನಾಗಿ ನಡೆದುಕೊಂಡವರು ಅವರೇ. ಬೆರಳೆತ್ತಿದ ಕೂಡಲೇ ಗಲಾಟೆ ಶುರುವಾಯಿತು, ಬ್ಯಾಟಿಂಗ್ ಟೀಮಿನವರು ಒಳಗೆ ನುಗ್ಗಿದರು. ಮೇಷ್ಟ್ರು ಬ್ಯಾಟ್ಸ್‌ಮನ್‌ಗೆ "ನೀನು ಇಲ್ಲೇ ನಿಂತ್ಕೊ, ಹೊರಗೆ ಹೋಗಬೇಡ" ಅಂದರು. ಆಮೇಲೆ ಫೀಲ್ಡಿಂಗ್ ಕ್ಯಾಪ್ಟನ್ ಕರೆದು ಎಲ್ಲರಿಗೂ ಕೇಳುವ ಹಾಗೆ, "ಅಪೀಲ್ ಇಟ್ಕೋತೀಯೇನಪ್ಪ, ವಾಪಸ್ ತಗೋತೀಯಾ?"

ಬಹಳ ಜನಕ್ಕೆ ಇದು ಮೇಷ್ಟ್ರು ಹೆದರಿ ಮಾಡಿದ್ದು ಅನ್ನಿಸಿತು. ಹಾಗಲ್ಲ. ಅಂಪೈರ್ ಒಪ್ಪಿದರೆ ಫೀಲ್ಡಿಂಗ್ ಕ್ಯಾಪ್ಟನ್ ಅಪೀಲ್ ವಾಪಸ್ ತೆಗೆದುಕೊಳ್ಳಬಹುದು ಅಂತ ಕ್ರಿಕೆಟ್ ನಿಯಮದಲ್ಲೇ ಇದೆ, ಆದರೆ ಔಟಾದವನು ಮೈದಾನ ಬಿಡುವ ಮೊದಲು ಆಗಬೇಕು. ಅದಕ್ಕೇ ಅವನನ್ನು ಹೋಗಬೇಡ ಅಂದದ್ದು. 2023ರ ಜನವರಿಯಲ್ಲಿ ಗುವಾಹಟಿಯಲ್ಲಿ ಶಮಿ ಹೀಗೇ ಶ್ರೀಲಂಕಾದ ಶನಕನನ್ನು ರನೌಟ್ ಮಾಡಿದಾಗ ರೋಹಿತ್ ಶರ್ಮಾ ಅಪೀಲ್ ವಾಪಸ್ ತೆಗೆದುಕೊಂಡದ್ದು ನೆನಪಿರಬಹುದು. ಶನಕ ಆಗ 98ರಲ್ಲಿದ್ದರು. ಪಂದ್ಯ ಭಾರತದ ಕೈಯಲ್ಲಿತ್ತು, ದೊಡ್ಡ ಮನಸ್ಸು ಮಾಡುವುದು ಸುಲಭ ಇತ್ತು ಅನ್ನೋದು ಬೇರೆ ಮಾತು.

ನಮ್ಮ ಕ್ಯಾಪ್ಟನ್‌ಗೆ ಆ ಸುಲಭ ಇರಲಿಲ್ಲ. ಎರಡು ಕ್ಷಣ ಹುಡುಗನ ಮುಖ ನೋಡಿದ. "ಇಟ್ಕೋತೀವಿ ಮೇಷ್ಟ್ರೇ" ಅಂದ.

ಆಮೇಲೆ ಎದ್ದದ್ದು ವಾರ್ನಿಂಗ್ ಪ್ರಶ್ನೆ. ಒಂದು ಸಲ ಹೇಳದೆ ಹೆಂಗೆ ಔಟ್ ಮಾಡ್ತೀರಿ? ಹುಡುಗನನ್ನು ಕೇಳಿದರು, "ಮೊದ್ಲು ಹೇಳಿದ್ಯೇನಾ?" ಹೇಳಿದ್ದೆ ಅಂತ ಸುಳ್ಳು ಹೇಳಿದ್ದರೆ ಗಲಾಟೆ ಅರ್ಧ ಇಳಿಯುತ್ತಿತ್ತು. ಅವನು ಹೇಳಲಿಲ್ಲ. "ಇಲ್ಲ ಅಣ್ಣಾ, ಹೇಳ್ಬೇಕು ಅಂತ ರೂಲ್ಸಲ್ಲಿ ಇಲ್ವಲ್ಲ" ಅಂದ. ಅವನು ರಜೆ ದಿನ ಶಿವಮೊಗ್ಗಕ್ಕೆ ಹೋಗಿ ಲೆದರ್ ಬಾಲ್ ಕೋಚಿಂಗ್ ತಗೊಳ್ಳುವವನು. ಅಲ್ಲಿ ಇದು ಬೇರೆ ರನೌಟಿನ ಹಾಗೆ ಒಂದು ರನೌಟ್, ಅಷ್ಟೇ. ಈ ಮಾತಿಗೆ ಹಿರಿಯರಿಗೆ ಇನ್ನೂ ಸಿಟ್ಟು ಬಂತು.

ಹಳೇ ಕತೆ, ಹೊಸ ಸಾಲು

ಹುಡುಗ ಹೇಳಿದ್ದು ಸರಿ. ವಾರ್ನಿಂಗ್ ಕೊಡಬೇಕು ಅನ್ನುವುದು ರೂಢಿ, ನಿಯಮ ಅದನ್ನು ಕೇಳುವುದಿಲ್ಲ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟಿನಲ್ಲಿ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದರು. ಅದೇ ಪ್ರವಾಸದಲ್ಲಿ ಅದಕ್ಕೂ ಮೊದಲಿನ ಒಂದು ಪಂದ್ಯದಲ್ಲಿ ಬ್ರೌನ್‌ಗೆ ಎಚ್ಚರಿಕೆ ಕೊಟ್ಟು, ಮತ್ತೆ ಗೆರೆ ಬಿಟ್ಟಾಗ ಔಟ್ ಮಾಡಿದ್ದರು. ಬೈದವರು ಬೈದರು, ಎದುರಾಳಿ ಕ್ಯಾಪ್ಟನ್ ಬ್ರಾಡ್ಮನ್ ಮಾತ್ರ ಮಂಕಡ್ ಪರ ನಿಂತರು. ಆದರೂ ಅವರ ಹೆಸರು ಏನೋ ಅಪರಾಧದ ಹೆಸರಿನ ಹಾಗೆ ಉಳಿದುಹೋಯಿತು. ಗೆರೆ ಬಿಟ್ಟ ಬ್ರೌನ್ ಹೆಸರಿಗೆ ಏನೂ ಅಂಟಲಿಲ್ಲ, ಅಲ್ವಾ?

ಬಿಟ್ಟವರೂ ಇದ್ದಾರೆ. 1987ರ ವಿಶ್ವಕಪ್ಪಿನಲ್ಲಿ ಲಾಹೋರಿನಲ್ಲಿ ಕೊನೇ ಬಾಲಿಗೆ ಪಾಕಿಸ್ತಾನಕ್ಕೆ 2 ರನ್ ಬೇಕಿತ್ತು, ಒಂದೇ ವಿಕೆಟ್ ಬಾಕಿ. ಸಲೀಂ ಜಾಫರ್ ಗೆರೆ ಬಿಟ್ಟು ಹೊರಟಿದ್ದರು. ಕೋರ್ಟ್ನಿ ವಾಲ್ಶ್ ನಿಂತರು, ಔಟ್ ಮಾಡಲಿಲ್ಲ, ಎಚ್ಚರಿಸಿ ಹಿಂದೆ ಹೋಗಿ ಬಾಲ್ ಹಾಕಿದರು. ಪಾಕಿಸ್ತಾನ ಗೆದ್ದಿತು, ವೆಸ್ಟ್ ಇಂಡೀಸ್ ಆ ಸಲ ಸೆಮಿಫೈನಲ್ ಮುಟ್ಟಲಿಲ್ಲ. ಎಲ್ಲರೂ ಇದನ್ನು ದೊಡ್ಡತನದ ಉದಾಹರಣೆ ಅಂತ ಹೇಳುತ್ತಾರೆ. ನನಗೂ ವಾಲ್ಶ್ ಬಗ್ಗೆ ಗೌರವ ಇದೆ. ಆದರೆ ಆ ದೊಡ್ಡತನದ ಬಿಲ್ ಕಟ್ಟಿದ್ದು ವಾಲ್ಶ್ ಜೊತೆಯಲ್ಲಿದ್ದ ಹತ್ತು ಜನ.

ಕಾನೂನಿನ ಕಡೆ ಬದಲಾದದ್ದು ಈಚೆಗೆ. 2017ರ ಪರಿಷ್ಕರಣೆಯಲ್ಲಿ, ಬೌಲರ್ ಬಾಲ್ ಬಿಡಬೇಕಾದ ಕ್ಷಣದವರೆಗೂ ನಾನ್ ಸ್ಟ್ರೈಕರ್ ಗೆರೆ ಒಳಗೇ ಇರಬೇಕು ಅಂತ ಆಯಿತು. 2019ರಲ್ಲಿ ಜೈಪುರದ ಐಪಿಎಲ್ ಪಂದ್ಯದಲ್ಲಿ ಅಶ್ವಿನ್ 69 ಹೊಡೆದಿದ್ದ ಬಟ್ಲರ್ ಅವರನ್ನು ಔಟ್ ಮಾಡಿದಾಗ ಪ್ರಪಂಚವೇ ಎರಡಾಯಿತು. ಆಗ ಈ ನಿಯಮ ಇದ್ದದ್ದು "ನ್ಯಾಯವಲ್ಲದ ಆಟ" ಅನ್ನುವ ವಿಭಾಗದಲ್ಲಿ, 41ನೇ ನಿಯಮದ ಕೆಳಗೆ. 2022ರ ಅಕ್ಟೋಬರ್ 1ರಿಂದ, ಕ್ರಿಕೆಟ್ ನಿಯಮ ಬರೆಯುವ ಲಂಡನ್ನಿನ ಕ್ಲಬ್ ಎಂಸಿಸಿ ಅದನ್ನು ಎತ್ತಿ 38ನೇ ನಿಯಮಕ್ಕೆ, ಅಂದರೆ ರನೌಟಿನ ಜೊತೆಗೆ ಇಟ್ಟಿತು. ಅದಕ್ಕೆ ಒಂದು ವಾರದ ಹಿಂದಷ್ಟೇ ಲಾರ್ಡ್ಸಿನಲ್ಲಿ ದೀಪ್ತಿ ಶರ್ಮಾ ಚಾರ್ಲಿ ಡೀನ್ ಅವರನ್ನು 47ಕ್ಕೆ ಔಟ್ ಮಾಡಿ ಪಂದ್ಯ ಮುಗಿಸಿದ್ದರು. ಭಾರತ 16 ರನ್ನಿನಿಂದ ಗೆದ್ದು ಸರಣಿ 3-0 ಆಯಿತು.

ನಮ್ಮ ಫೈನಲ್ ನಡೆದದ್ದು ಅದೇ ಸೀಸನ್ನಿನಲ್ಲಿ. ದೀಪ್ತಿ ಮಾಡಿದಾಗ ಇಂಗ್ಲಿಷರ ಹೊಟ್ಟೆ ಉರೀತು ಅಂತ ವಾಟ್ಸಾಪ್ ಸ್ಟೇಟಸ್ ಹಾಕಿ ಖುಷಿಪಟ್ಟವರಲ್ಲಿ ಕೆಲವರು ಅವತ್ತು ಪೆಂಡಾಲಿನ ಮುಂದೆ ನಿಂತು ಹುಡುಗನಿಗೆ "ಇದೂ ಒಂದು ಆಟನಾ" ಅಂತ ಕೂಗುತ್ತಿದ್ದರು. ನಾನು ಹೆಸರು ಹೇಳಲ್ಲ ಅಂತ ಮೊದಲೇ ಅಂದಿದ್ದೇನೆ.

ವಿಶಿ ಆಗಿದ್ದರೆ

ಗಲಾಟೆ ನಡುವೆ ಭದ್ರಾವತಿ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತರು. "ನಮ್ಮೂರಿನ ವಿಶ್ವನಾಥ್ ಆಗಿದ್ದಿದ್ರೆ ಅವನನ್ನ ವಾಪಸ್ ಕರೀತಿದ್ರು" ಅಂದರು. ಪೆಂಡಾಲ್ ಒಮ್ಮೆ ತಣ್ಣಗಾಯಿತು. ಈ ಜಿಲ್ಲೆಯಲ್ಲಿ ಆ ಹೆಸರಿಗೆ ಎದುರಾಡುವವರು ಕಮ್ಮಿ.

ಆ ಮಾತಿನ ಹಿಂದಿನ ಘಟನೆ ಗೊತ್ತಿರುವುದೇ. 1980ರ ಫೆಬ್ರವರಿ, ಬಾಂಬೆಯಲ್ಲಿ ಸುವರ್ಣ ಮಹೋತ್ಸವ ಟೆಸ್ಟ್, ಭಾರತದ ಕ್ಯಾಪ್ಟನ್ ಜಿ.ಆರ್. ವಿಶ್ವನಾಥ್. ಭಾರತದ 242ಕ್ಕೆ ಎದುರಾಗಿ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ಬೌಲಿಂಗಿನಲ್ಲಿ ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಔಟ್ ಕೊಟ್ಟರು. ಸ್ಲಿಪ್ಪಿನಲ್ಲಿದ್ದ ವಿಶಿಗೆ ಬಾಲ್ ಬ್ಯಾಟಿಗೆ ತಾಗಿಲ್ಲ ಅನ್ನಿಸಿತು, ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು.

ಸೋತರೂ ಜನ ವಿಶಿಯನ್ನು ನೆನೆಯುವುದು ಇದಕ್ಕೇ, ನೆನೆಯಬೇಕಾದದ್ದೇ. ಆದರೆ ಆ ಉದಾಹರಣೆ ಈ ಪ್ರಕರಣಕ್ಕೆ ಕೂಡುವುದಿಲ್ಲ. ವಿಶಿ ವಾಪಸ್ ಕರೆದದ್ದು ಔಟಾಗದವನನ್ನು. ಅಂಪೈರ್ ತಪ್ಪು ಮಾಡಿದ್ದಾರೆ ಅನ್ನಿಸಿತು, ಆ ತಪ್ಪಿನ ಲಾಭ ಬೇಡ ಅಂದರು. ನಮ್ಮ ಬ್ಯಾಟ್ಸ್‌ಮನ್ ಗೆರೆ ಬಿಟ್ಟದ್ದು ನಿಜ, ಬಾಲ್ ಬೌಲರ್ ಕೈಯಲ್ಲಿ ಇದ್ದದ್ದು ನಿಜ. ಇಲ್ಲಿ ವಾಪಸ್ ಕರೆದರೆ ತಪ್ಪಿನ ಲಾಭವನ್ನು ಬ್ಯಾಟ್ಸ್‌ಮನ್‌ಗೆ ಬಿಟ್ಟುಕೊಟ್ಟ ಹಾಗಾಯಿತು. ಹಿರಿಯರಿಗೆ ಇದನ್ನು ಹೇಳುವವರಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ, "ಅಡಿಕೆ ಕದಿಯೋಕೆ ಬಂದೋನಿಗೆ ಮೊದ್ಲು ನೋಟಿಸ್ ಕೊಟ್ಟು ಆಮೇಲೆ ಹಿಡೀಬೇಕಾ ಮಾರಾಯ?" ಅಂದರು. ತೋಟ ಇದ್ದವರೆಲ್ಲ ನಕ್ಕರು, ಗಲಾಟೆ ಸ್ವಲ್ಪ ಇಳಿದದ್ದು ಆಗಲೇ.

ಪೂರ್ತಿ ಇಳಿದದ್ದು ವಿಡಿಯೋದಿಂದ. ಪಂದ್ಯ ಯೂಟ್ಯೂಬ್ ಲೈವ್ ಹೋಗುತ್ತಿತ್ತು, ಕ್ಯಾಮೆರಾ ಇದ್ದದ್ದು ಬೌಲರ್ ಬೆನ್ನ ಹಿಂದೆ ಅಟ್ಟಣಿಗೆ ಮೇಲೆ. ಲೈವ್ ಮಾಡುವವರು ಹಿಂದಕ್ಕೆ ಎಳೆದು ತೋರಿಸಿದರು. ಹುಡುಗನ ಕೈ ಇನ್ನೂ ಮೇಲೆ ಹೋಗಿರಲಿಲ್ಲ, ಬ್ಯಾಟ್ಸ್‌ಮನ್ ಬ್ಯಾಟು ಎಳೆದುಕೊಂಡು ಹೊರಟಾಗಿತ್ತು. ಇದು ಮುಖ್ಯ. ಕೈ ತುದಿಗೆ ಹೋಗಿ ಇಳಿದ ಮೇಲೆ ಬೇಲ್ಸ್ ಬೀಳಿಸಿದರೆ ಔಟಿಲ್ಲ. ಅದೇ ತಿಂಗಳುಗಳಲ್ಲಿ ಮೆಲ್ಬರ್ನಿನಲ್ಲಿ ಆಡಂ ಝಂಪಾ ಹಾಗೆ ಮಾಡಿ ನಾಟೌಟ್ ಆಗಿತ್ತು. ಆಮೇಲೆ ಹಾಗೇ ಆ ಓವರಿನ ಎರಡನೇ ಬಾಲ್ ಕೂಡ ನೋಡಿದರು. ಅಲ್ಲೂ ಅವನು ಎರಡು ಹೆಜ್ಜೆ ಹೊರಗಿದ್ದ. ಅಂದರೆ ಕೂದಲೆಳೆಯಲ್ಲಿ ಸಿಕ್ಕಿದ ಆ ಬೈ ರನ್ ಎಲ್ಲಿಂದ ಬಂತು ಅನ್ನೋದು ಪೆಂಡಾಲಿಗೆಲ್ಲ ಗೊತ್ತಾಯಿತು.

ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆ ಎರಡನೇ ಬಾಲ್ ನೋಡಿದಾಗ. ಹೊಸತನ್ನು ಮೊದಲು ತಂದವರು ಬ್ಯಾಟ್ಸ್‌ಮನ್‌ಗಳು. ಕೀಪರ್ ಕೈಗೆ ಹೋದ ಬಾಲಿಗೂ ಓಡುವುದು, ಅದಕ್ಕಾಗಿ ಮೊದಲೇ ಹೆಜ್ಜೆ ಇಡುವುದು, ಇದು ಚುಟುಕು ಕ್ರಿಕೆಟ್ ಬಂದ ಮೇಲೆ ಬೆಳೆದ ಜಾಣತನ. ಅದಕ್ಕೆ ಯಾರೂ ಸಂಪ್ರದಾಯ ಕೆಟ್ಟಿತು ಅನ್ನಲಿಲ್ಲ, ಶಿಳ್ಳೆ ಹೊಡೆದರು. ಬೌಲರ್ ಅದಕ್ಕೆ ಉತ್ತರ ಕೊಟ್ಟಾಗ ಮಾತ್ರ ಹಿರಿಯರ ಆಟ, ಮರ್ಯಾದೆ ಎಲ್ಲ ನೆನಪಾಯಿತು. ಎಲ್‌ಬಿಯನ್ನೇ ತೆಗೆದುಹಾಕಿದ ಮೈದಾನದಲ್ಲಿ!

ಆಮೇಲೆ

ಆಟ ಮತ್ತೆ ಶುರುವಾಯಿತು. ಹಾಕದ ಬಾಲ್ ಲೆಕ್ಕಕ್ಕಿಲ್ಲ, ಹಾಗಾಗಿ 3 ಬಾಲ್ ಹಾಗೇ ಇತ್ತು. ವಿಕೆಟ್ ಬೌಲರ್ ಹೆಸರಿಗೆ ಹೋಗಲ್ಲ, ರನೌಟ್ ಅಂತಲೇ ಬರೆದೆ. ಹೊಸಬ ನಾನ್ ಸ್ಟ್ರೈಕರ್ ತುದಿಗೆ ಬಂದು ಬ್ಯಾಟನ್ನು ಗೆರೆಗೆ ಅಂಟಿಸಿಕೊಂಡು ನಿಂತ. ಬಾಲಂಗೋಚಿ ಒಂದು ಬಿಟ್ಟ, ಒಂದಕ್ಕೆ 2 ತೆಗೆದ, ಕೊನೆಯದನ್ನು ಎತ್ತಿ ಹೊಡೆದು ಕ್ಯಾಚ್ ಕೊಟ್ಟ. 3 ರನ್ನಿನಿಂದ ಸೋಲು. ಸೋತ ಟೀಮಿನವರು ರನ್ನರ್ಸ್ ಟ್ರೋಫಿಗೆ ಸ್ಟೇಜ್ ಹತ್ತಲಿಲ್ಲ. ಟ್ರೋಫಿ ಒಂದೆರಡು ವಾರ ಕಮಿಟಿಯವರ ಮನೆಯಲ್ಲೇ ಇತ್ತು.

ಮರುವರ್ಷ ಕಮಿಟಿ ರಾಜಿ ಸೂತ್ರ ತಂದಿತು. ಒಂದು ಟೀಮಿಗೆ ಒಂದು ವಾರ್ನಿಂಗ್, ಎರಡನೇ ಸಲ ಔಟ್. ಕೇಳೋಕೆ ಚೆನ್ನಾಗಿತ್ತು, ಹಳಬರಿಗೂ ಸಮಾಧಾನ. ನಡೆದದ್ದು ಬೇರೆ. ಟೀಮುಗಳು ಆ ಒಂದು ವಾರ್ನಿಂಗನ್ನು ಉಳಿಸಿಟ್ಟುಕೊಂಡು ಕೊನೇ ಓವರಿನಲ್ಲಿ ಬಳಸಲು ಶುರು ಮಾಡಿದವು. ಸಿಕ್ಕಿಬಿದ್ದರೆ ವಾರ್ನಿಂಗ್, ಇಲ್ಲದಿದ್ದರೆ ರನ್. ಬೌಲರ್ ಓಡಿ ಬಂದು ನಿಲ್ಲೋದು, ವಾರ್ನಿಂಗ್ ಕೊಡೋದು, ಮತ್ತೆ ಹಿಂದೆ ಹೋಗೋದು. ಹೊತ್ತೂ ಹಾಳು, ಬೌಲರ್ ಲಯವೂ ಹಾಳು.

ಅದರ ಮುಂದಿನ ವರ್ಷ ಇನ್ನೊಂದು ಪ್ರಯೋಗ. ನಾನ್ ಸ್ಟ್ರೈಕರ್ ಮೊದಲೇ ಹೊರಟರೆ ಔಟಿಲ್ಲ, ಆ ಬಾಲಿನಲ್ಲಿ ಓಡಿದ ರನ್ ಕಟ್. ಯೋಚನೆ ನನಗೆ ಹಿಡಿಸಿತ್ತು, ಕದ್ದದ್ದು ಕೈಗೆ ಸಿಗದಿದ್ದರೆ ಕದಿಯುವುದು ನಿಲ್ಲುತ್ತದಲ್ಲ. ಆದರೆ ನೋಡುವವರು ಯಾರು? ಬೌಲರ್ ತುದಿಯ ಅಂಪೈರ್ ಒಂದೇ ಕ್ಷಣದಲ್ಲಿ ಬೌಲರಿನ ಮುಂಗಾಲು, ಬಾಲ್ ಬಿಡುವ ಕೈ, ನಾನ್ ಸ್ಟ್ರೈಕರಿನ ಬ್ಯಾಟು ಮೂರನ್ನೂ ನೋಡಬೇಕು. ನೋ ಬಾಲ್ ತಪ್ಪಿಹೋಗಲು ಶುರುವಾಯಿತು. ಸ್ಕ್ವೇರ್ ಲೆಗ್ಗಿನಲ್ಲಿ (ಬ್ಯಾಟ್ ಮಾಡುವವನ ಪಕ್ಕದಲ್ಲಿ, ದೂರಕ್ಕೆ) ಎರಡನೇ ಅಂಪೈರ್ ಆಗಿ ನಿಲ್ಲುವವರು ಬ್ಯಾಟಿಂಗ್ ಟೀಮಿನ ಹುಡುಗರೇ ಆದ್ದರಿಂದ ಅವರ ಮಾತು ಯಾರೂ ನಂಬುವುದಿಲ್ಲ. ಬೇಲ್ಸ್ ಬೀಳಿಸುವ ರನೌಟಿನಲ್ಲಿ ಈ ಸಮಸ್ಯೆ ಕಮ್ಮಿ. ಬೌಲರೇ ನಿಂತು ತೋರಿಸುತ್ತಾನೆ, ಅಂಪೈರಿಗೆ ನೋಡಬೇಕಾದ್ದು ಒಂದೇ.

ಈಗ ಕರಪತ್ರದಲ್ಲಿ ಹೊಸ ಸಾಲು ಬಂದಿದೆ: ಬೌಲರ್ ಬಾಲ್ ಬಿಡುವ ಮೊದಲು ನಾನ್ ಸ್ಟ್ರೈಕರ್ ಗೆರೆ ಬಿಟ್ಟರೆ ರನೌಟ್, ವಾರ್ನಿಂಗ್ ಇಲ್ಲ. ಟಾಸಿಗೆ ಮೊದಲು ಇಬ್ಬರು ಕ್ಯಾಪ್ಟನ್‌ಗಳ ಮುಂದೆ ಅದನ್ನು ಮೈಕಿನಲ್ಲೇ ಓದುತ್ತಾರೆ. ಅವತ್ತು ಔಟಾದವನೇ ಈಗ ಕಮಿಟಿಯಲ್ಲಿದ್ದಾನೆ. ನಿಯಮಕ್ಕೆ ತಕರಾರಿಲ್ಲ, ಆದರೆ ಕ್ವಾರ್ಟರ್ ಫೈನಲ್ಲಿನಿಂದಾದರೂ ಸ್ಕ್ವೇರ್ ಲೆಗ್ಗಿಗೆ ದುಡ್ಡು ಕೊಟ್ಟು ಹೊರಗಿನ ಅಂಪೈರ್ ಕರೆಸಿ ಅನ್ನೋದು ಅವನ ಪಟ್ಟು. ಎಂಟ್ರಿ ಫೀಸ್ ಜಾಸ್ತಿ ಮಾಡದೆ ಅದಾಗಲ್ಲ ಅಂತ ಖಜಾಂಚಿ. ಕಳೆದ ಮೀಟಿಂಗಿನಲ್ಲೂ ಅದು ತೀರ್ಮಾನ ಆಗಲಿಲ್ಲ.